ಬೆಳೆಗಾರರ ಗುಂಪಿಗೆ ಸ್ವಂತ ಜಾಲತಾಣ: ಸಿದ್ಧ ವಿನ್ಯಾಸದಿಂದ ಕಟ್ಟುವ ಮತ್ತು ಪ್ರಕಟಿಸುವ ಕ್ರಮ

ಕಮಲಾಪುರದ ಕೆಂಬಾಳೆಯನ್ನು ನಮ್ಮ ಓದುಗರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಅಲ್ಲಿನ ಕೆಂಪು ಮಣ್ಣಿನ ಹೊಲಗಳಲ್ಲಿ ಬೆಳೆಯುವ ಈ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಸಾಮಾನ್ಯ ಬಾಳೆಯ ತಳಿಗಳು ವರ್ಷದೊಳಗೆ ಅಥವಾ ವರ್ಷದ ಆಸುಪಾಸಿನಲ್ಲಿ ಗೊನೆ ಕೊಟ್ಟರೆ, ಕೆಂಬಾಳೆಗೆ 16ರಿಂದ 18 ತಿಂಗಳು ಬೇಕು. ಗೊಬ್ಬರ, ನೀರು, ಆಳು ಎಲ್ಲವೂ ಹೆಚ್ಚು. ಆದ್ದರಿಂದ ಹಣ್ಣಿನ ಬೆಲೆಯೂ ಹೆಚ್ಚು. ಆದರೆ ಕೆಂಪು ಸಿಪ್ಪೆಯ ಬಾಳೆಯನ್ನು ತಮಿಳುನಾಡು, ಕೇರಳಗಳಲ್ಲಿಯೂ ಬೆಳೆಯುತ್ತಾರೆ. ದೂರದ ಪೇಟೆಯಲ್ಲಿ ಬುಟ್ಟಿಯ ಮುಂದೆ ನಿಂತ ಗ್ರಾಹಕನಿಗೆ ಇದು ಕಮಲಾಪುರದ್ದೇ ಎಂದು ತಿಳಿಯುವುದು ಹೇಗೆ? ಅವನು ಮೊದಲು ಮಾಡುವ ಕೆಲಸವೆಂದರೆ ಮೊಬೈಲಿನಲ್ಲಿ ಹುಡುಕುವುದು.

ಈ ಲೇಖನ ಹುಟ್ಟಿದ್ದೇ ಅಂತಹ ಒಂದು ಹುಡುಕಾಟದಿಂದ. ಕೆಲವು ಬೆಳೆಗಾರರು ಕಲಬುರಗಿಗೆ ಬಂದವರು ನನ್ನನ್ನು ಕಂಡು, ತಮ್ಮ ಗುಂಪಿನ ಒಂದು ರಟ್ಟಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಪೆಟ್ಟಿಗೆಯ ಮೇಲೆ ಜಾಲತಾಣದ ವಿಳಾಸ ಅಚ್ಚಾಗಿತ್ತು. ಅವರಲ್ಲಿ ಹಿರಿಯರೊಬ್ಬರು ಹೇಳಿದರು: "ಸರ್, ಮನ್ನಿ ಪುಣೆದಿಂದ ಒಬ್ರು ಫೋನ್ ಮಾಡಿದ್ರು. ಈ ವಿಳಾಸ ತೆಗದ್ರ ಜೂಜಿನ ಜಾಹೀರಾತು ಬರಲಕತ್ತದ ಅಂದ್ರು. ನಮಗ ಭಾಳ ನಾಚಿಕಿ ಆತ್ರಿ."

ವಿಚಾರಿಸಿದಾಗ ತಿಳಿದದ್ದು ಇಷ್ಟು. ಹಿಂದೆ ಯಾರೋ ಒಬ್ಬರಿಗೆ ಹಣ ಕೊಟ್ಟು ಜಾಲತಾಣ ಮಾಡಿಸಿದ್ದರು. ವಿಳಾಸವು ಗುಂಪಿನ ಹೆಸರಿನಲ್ಲಿರದೆ ಮಾಡಿಕೊಟ್ಟವರ ಹೆಸರಿನಲ್ಲಿಯೇ ನೋಂದಣಿಯಾಗಿತ್ತು. ಅವರು ಊರು ಬಿಟ್ಟರು, ವಾರ್ಷಿಕ ಶುಲ್ಕ ಕಟ್ಟುವವರಿಲ್ಲವಾಯಿತು, ಅವಧಿ ಮುಗಿದ ವಿಳಾಸವನ್ನು ಬೇರೆ ಯಾರೋ ಕೊಂಡರು. ಹೊಲದ ಪಹಣಿ ಬೇರೆಯವರ ಹೆಸರಿನಲ್ಲಿದ್ದರೆ ಏನಾಗುವುದೋ ಅದೇ ಇಲ್ಲಿಯೂ ಆಯಿತು. ಪೆಟ್ಟಿಗೆಗಳು ಮಾತ್ರ ಇನ್ನೂ ಗೋದಾಮಿನಲ್ಲಿ ಉಳಿದಿದ್ದವು.

ನಾನು ಬೇಸಾಯ ಶಾಸ್ತ್ರದ ಅಧ್ಯಾಪಕ, ಗಣಕಯಂತ್ರದ ಪರಿಣತನಲ್ಲ. ಆದರೂ ಗುಂಪಿನ ಇಬ್ಬರು ಯುವಕರೊಡನೆ ಕುಳಿತು, ಕಲಿಯುತ್ತ, ತಪ್ಪುತ್ತ, ಒಂದು ಸರಳ ಜಾಲತಾಣವನ್ನು ಕಟ್ಟಿದೆವು. ಆ ಅನುಭವದ ಆಧಾರದ ಮೇಲೆ, ಯಾವುದೇ ಬೆಳೆಗಾರರ ಗುಂಪು ಅಥವಾ ಸಹಕಾರ ಸಂಘ ತಾನೇ ಅನುಸರಿಸಬಹುದಾದ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಸ್ಥಿರ ಜಾಲತಾಣ ಎಂದರೇನು?

ಜಾಲತಾಣಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ, ಓದುಗನು ವಿಳಾಸ ಒತ್ತಿದಾಗಲೆಲ್ಲ ದೂರದ ಗಣಕಯಂತ್ರವು ದತ್ತಾಂಶದ ಕೋಶದಿಂದ ಮಾಹಿತಿ ತೆಗೆದು ಆ ಕ್ಷಣದಲ್ಲಿ ಪುಟವನ್ನು ಸಿದ್ಧಪಡಿಸಿ ಕಳುಹಿಸುತ್ತದೆ. ಖಾನಾವಳಿಯಲ್ಲಿ ಕೇಳಿದಾಗ ರೊಟ್ಟಿ ಬಡಿದು ಕೊಟ್ಟಂತೆ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಈ ಬಗೆಯದು. ಇದರಲ್ಲಿ ಅನುಕೂಲಗಳು ಹೆಚ್ಚು. ಆದರೆ ತಂತ್ರಾಂಶವನ್ನು ಆಗಾಗ್ಗೆ ನವೀಕರಿಸಬೇಕು. ಅಲಕ್ಷಿಸಿದರೆ ಕಿಡಿಗೇಡಿಗಳು ಒಳನುಗ್ಗುವ ಅಪಾಯವುಂಟು.

ಎರಡನೆಯದು ಸ್ಥಿರ ಜಾಲತಾಣ. ಪುಟಗಳನ್ನು ನಮ್ಮ ಮನೆಯ ಗಣಕಯಂತ್ರದಲ್ಲಿಯೇ ಪೂರ್ತಿಯಾಗಿ ಸಿದ್ಧಪಡಿಸಿ, ಕಡತಗಳಾಗಿ ಮೇಲಕ್ಕೆ ಕಳುಹಿಸಿಬಿಡುತ್ತೇವೆ. ಕೇಳಿದವರಿಗೆಲ್ಲ ಅದೇ ಕಡತ ಹೋಗುತ್ತದೆ. ಕಟಕ ರೊಟ್ಟಿ ಮಾಡಿ ಡಬ್ಬಿಯಲ್ಲಿ ಇಟ್ಟಂತೆ: ಬೇಕಾದವರು ತೆಗೆದುಕೊಳ್ಳಬಹುದು, ಒಲೆ ಹೊತ್ತಿಸಬೇಕಾಗಿಲ್ಲ, ಬೇಗ ಕೆಡುವುದೂ ಇಲ್ಲ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್‌ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಪ್ರಕಟಿಸಿದ ಜಗತ್ತಿನ ಮೊದಲ ಜಾಲತಾಣ ಇದೇ ಬಗೆಯದು.

ಗುಂಪಿನ ಪರಿಚಯ, ಹಣ್ಣಿನ ವಿವರ, ಕಟಾವಿನ ಕಾಲ, ಸಂಪರ್ಕದ ದೂರವಾಣಿ ಇಷ್ಟನ್ನು ತಿಳಿಸಲು ಸ್ಥಿರ ತಾಣ ಸಾಕು. ನಿಧಾನಗತಿಯ ಮೊಬೈಲ್ ಸಂಪರ್ಕದಲ್ಲಿಯೂ ಅದು ಬೇಗ ತೆರೆಯುತ್ತದೆ. ಸ್ಥಳಕ್ಕೆ ಸಾಮಾನ್ಯವಾಗಿ ಬಾಡಿಗೆಯೂ ಇಲ್ಲ. ಆದರೆ ತಾಣದಲ್ಲಿಯೇ ಆದೇಶ ಪಡೆದು ಹಣ ಸ್ವೀಕರಿಸುವ ಅಂಗಡಿಯನ್ನು ನಡೆಸಬೇಕಾದರೆ ಈ ಲೇಖನದ ಕ್ರಮ ಸಾಲದು.

ಬೇಕಾಗುವ ಸಾಮಗ್ರಿ

1. ಒಂದು ಸಾಧಾರಣ ಗಣಕಯಂತ್ರ. ಹಳೆಯದಾದರೂ ನಡೆಯುತ್ತದೆ. ಮೊಬೈಲ್ ಒಂದರಲ್ಲಿಯೇ ಈ ಕೆಲಸ ಮಾಡುವುದು ಕಷ್ಟ.

2. ಅಂತರ್ಜಾಲ ಸಂಪರ್ಕ. ಮೊಬೈಲಿನಿಂದ ಹಂಚಿಕೊಂಡದ್ದೂ ಸಾಕು.

3. ಗುಂಪಿನ ಹೆಸರಿನಲ್ಲಿ ಒಂದು ಪ್ರತ್ಯೇಕ ಇ-ಮೇಲ್ ಖಾತೆ. ಕಾರ್ಯದರ್ಶಿಯ ಅಥವಾ ಅವರ ಮಗನ ಸ್ವಂತ ಖಾತೆ ಬೇಡ. ಗುಪ್ತಪದವನ್ನು ಗುಂಪಿನ ನಡಾವಳಿ ಪುಸ್ತಕದ ಜೊತೆ ಮುಚ್ಚಿದ ಲಕೋಟೆಯಲ್ಲಿ ಇಡಬೇಕು.

4. ಹ್ಯೂಗೋ ಎಂಬ ಉಚಿತ ತಂತ್ರಾಂಶ. ನಾವು ಬರೆದ ಸರಳ ಬರಹವನ್ನು ಸಿದ್ಧ ವಿನ್ಯಾಸದೊಡನೆ ಸೇರಿಸಿ ಜಾಲಪುಟಗಳನ್ನಾಗಿ ಮಾಡಿಕೊಡುವುದು ಇದರ ಕೆಲಸ. ಸ್ಟೀವ್ ಫ್ರಾನ್ಸಿಯಾ ಎಂಬುವರು ಇದನ್ನು 2013ರಲ್ಲಿ ಹೊರತಂದರು. 2008ರಲ್ಲಿ ಬಂದ ಜೆಕಿಲ್ ಎಂಬ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ. ಹ್ಯೂಗೋ ಒಂದೇ ಕಡತದ ತಂತ್ರಾಂಶವಾದ್ದರಿಂದ ಅಳವಡಿಸುವುದು ಹೊಸಬರಿಗೆ ಸುಲಭ.

ಮೊದಲು ಕಾಗದದ ಮೇಲೆ

ಭೂಮಿ ಹದ ಮಾಡದೆ ಬಿತ್ತಬಾರದು. ಯಂತ್ರದ ಮುಂದೆ ಕೂಡುವ ಮೊದಲು ಪುಟಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ನಾವು ಐದು ಪುಟಗಳನ್ನು ಆರಿಸಿಕೊಂಡೆವು: ಮುಖಪುಟ, ನಮ್ಮ ಹಣ್ಣು, ನಮ್ಮ ಬೆಳೆಗಾರರು, ಈ ತಿಂಗಳ ಕಟಾವು, ಸಂಪರ್ಕ. ಆರಂಭದಲ್ಲಿ ಇದಕ್ಕಿಂತ ಹೆಚ್ಚು ಬೇಡ. ತುಂಬದ ಪುಟಗಳು ಓದುಗನಿಗೆ ಬೇಸರ ತರುತ್ತವೆ.

ಬರೆಯುವಾಗ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಹಣ್ಣು ತಿಂದರೆ ಇಂಥ ರೋಗ ವಾಸಿಯಾಗುತ್ತದೆ ಎಂದು ಬರೆಯಬಾರದು. ಎರಡನೆಯದಾಗಿ, ಭೌಗೋಳಿಕ ಗುರುತಿನ ಬಗ್ಗೆ ಉತ್ಪ್ರೇಕ್ಷೆ ಬೇಡ. 1999ರ ಕಾಯಿದೆಯ ಪ್ರಕಾರ ಗುರುತು ನೋಂದಣಿಯಾದ ಮೇಲೆ ಬೆಳೆಗಾರರು ಪ್ರತ್ಯೇಕವಾಗಿ ಅಧಿಕೃತ ಬಳಕೆದಾರರೆಂದು ಹೆಸರು ದಾಖಲಿಸಿಕೊಳ್ಳಬೇಕಾಗುತ್ತದೆ. ಯಾರು ದಾಖಲಾಗಿದ್ದಾರೋ ಅವರ ಬಗ್ಗೆ ಮಾತ್ರ ಹಾಗೆ ಬರೆಯಬೇಕು. ಮೂರನೆಯದಾಗಿ, ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಎಲ್ಲರ ಮನೆಯ ದೂರವಾಣಿ ಇವನ್ನು ತಾಣದಲ್ಲಿ ಹಾಕಲೇಬಾರದು. ಒಬ್ಬಿಬ್ಬರು ಪದಾಧಿಕಾರಿಗಳ ದೂರವಾಣಿ ಸಾಕು. ಅದೂ ಅವರ ಒಪ್ಪಿಗೆಯಿಂದ.

ಕನ್ನಡ ಅಕ್ಷರದ ವಿಚಾರ

ನಮ್ಮ ಕೆಲಸದಲ್ಲಿ ಹೆಚ್ಚು ಸಮಯ ತಿಂದದ್ದು ಇದೇ. ಗುಂಪಿನ ಬಳಿ ಒಳ್ಳೆಯ ಬರಹಗಳಿದ್ದವು. ಆದರೆ ಅವೆಲ್ಲ ಹಳೆಯ ಕ್ರಮದ ನುಡಿ ಅಕ್ಷರಗಳಲ್ಲಿ ಟೈಪಾಗಿದ್ದವು. ಆ ಕ್ರಮದಲ್ಲಿ ಕಡತದೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಮೇಲೆ ಕನ್ನಡದ ವೇಷ ಹಾಕಿರುತ್ತದೆ. ಅದನ್ನು ಜಾಲತಾಣಕ್ಕೆ ಹಾಕಿದರೆ ಓದುಗನಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹುಡುಕುವವರಿಗೂ ಸಿಗುವುದಿಲ್ಲ.

ಇದಕ್ಕೆ ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಕಟ್ಟು ಮೀಸಲಾಗಿದೆ. ಮೊಬೈಲಿನಲ್ಲಿ ನಾವು ದಿನವೂ ಟೈಪು ಮಾಡುವ ಕನ್ನಡ ಯೂನಿಕೋಡೇ. ಬರಹ ಯಾವ ಬಗೆಯದೆಂದು ತಿಳಿಯಲು ಅದನ್ನು ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಬೇಕು. ಕನ್ನಡವಾಗಿಯೇ ಕಂಡರೆ ಸರಿ. ಇಂಗ್ಲಿಷ್ ಗೋಜಲು ಕಂಡರೆ ಹಳೆಯ ಕ್ರಮದ್ದು. ಹಳೆಯದನ್ನು ಬದಲಾಯಿಸಿಕೊಡುವ ಉಚಿತ ಪರಿವರ್ತಕಗಳು ದೊರೆಯುತ್ತವೆ. ಆದರೆ ಪರಿವರ್ತನೆಯ ನಂತರ ಪ್ರತಿ ಸಾಲನ್ನೂ ಓದಬೇಕು. ವಿಶೇಷವಾಗಿ ಅರ್ಕಾವತ್ತು ಮತ್ತು ಒತ್ತಕ್ಷರಗಳು ಸ್ಥಾನ ತಪ್ಪುತ್ತವೆ. ನಮ್ಮಲ್ಲಿ ಕಾರ್ಯದರ್ಶಿಗಳ ಹೆಸರಿನ ಪದವಿಯೇ ಓದಲಾಗದಂತಾಗಿತ್ತು.

ಕಡತಗಳ ಹೆಸರನ್ನು ಮಾತ್ರ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಇಡಬೇಕು. ಕಡತದ ಹೆಸರೇ ಪುಟದ ವಿಳಾಸವಾಗುತ್ತದೆ. ಕನ್ನಡದಲ್ಲಿಟ್ಟರೆ, ವಿಳಾಸವನ್ನು ನಕಲು ಮಾಡಿದಾಗ ಒಂದೊಂದು ಕನ್ನಡ ಚಿಹ್ನೆಯೂ ಒಂಬತ್ತು ಸಂಕೇತಗಳಾಗಿ ಹಿಗ್ಗಿ, ಸಂದೇಶದಲ್ಲಿ ಕಳುಹಿಸಲು ಬಾರದಷ್ಟು ಉದ್ದವಾಗುತ್ತದೆ.

ಹ್ಯೂಗೋ ಅಳವಡಿಕೆ

ವಿಂಡೋಸ್ ಯಂತ್ರದಲ್ಲಿ ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು ಆಜ್ಞೆಗಳನ್ನು ಟೈಪು ಮಾಡಬೇಕು. ಈ ಲೇಖನದಲ್ಲಿ ಆಜ್ಞೆಗಳನ್ನು ಕನ್ನಡದಲ್ಲಿ ಬರೆದಿದ್ದರೂ ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡಬೇಕು. ಹೊಸ ವಿಂಡೋಸ್ ಯಂತ್ರಗಳಲ್ಲಿರುವ ವಿಂಗೆಟ್ ಎಂಬ ಸೌಲಭ್ಯದಿಂದ ಹ್ಯೂಗೋವಿನ ವಿಸ್ತೃತ ಆವೃತ್ತಿಯನ್ನು, ಅಂದರೆ ಎಕ್ಸ್‌ಟೆಂಡೆಡ್ ಎಂದು ಹೆಸರಿರುವುದನ್ನು, ಅಳವಡಿಸಿಕೊಳ್ಳಬೇಕು. ಕೆಲವು ವಿನ್ಯಾಸಗಳು ಇದನ್ನೇ ಬೇಡುತ್ತವೆ. ಅಳವಡಿಸಿದ ಮೇಲೆ ಕಿಟಕಿಯನ್ನು ಮುಚ್ಚಿ ಮತ್ತೆ ತೆರೆದು "ಹ್ಯೂಗೋ ವರ್ಶನ್" ಎಂದು ಕೊಟ್ಟರೆ ಆವೃತ್ತಿಯ ಸಂಖ್ಯೆ ಕಾಣಬೇಕು.

ನಂತರ "ಹ್ಯೂಗೋ ನ್ಯೂ ಸೈಟ್ ಕೆಂಬಾಳೆ" ಎಂದು ಕೊಟ್ಟರೆ ಕೆಂಬಾಳೆ ಎಂಬ ಕಡತಕೋಶ ಸಿದ್ಧವಾಗುತ್ತದೆ. ಅದರೊಳಗೆ ಹಲವು ಉಪಕೋಶಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದವು ಮೂರು: ಬರಹಗಳಿಗೆ ಕಂಟೆಂಟ್, ಚಿತ್ರಗಳಿಗೆ ಸ್ಟ್ಯಾಟಿಕ್, ವಿನ್ಯಾಸಕ್ಕೆ ಥೀಮ್ಸ್. ಹೊರಗೆ ಹ್ಯೂಗೋ ಡಾಟ್ ಟಾಮ್ಲ್ ಎಂಬ ಒಂದು ಸಣ್ಣ ಕಡತ ಇರುತ್ತದೆ. ಇಡೀ ತಾಣದ ವ್ಯವಸ್ಥೆಯ ಸಾಲುಗಳು ಅದರಲ್ಲಿವೆ.

ಮುಂದಿನ ಎಲ್ಲ ಆಜ್ಞೆಗಳನ್ನೂ ಈ ಕೆಂಬಾಳೆ ಕೋಶದೊಳಗೆ ನಿಂತೇ ಕೊಡಬೇಕು. ಹೊರಗೆ ನಿಂತು ಕೊಟ್ಟರೆ ಯಂತ್ರವು ತಾಣ ಎಲ್ಲಿದೆ ಎಂದು ತಿಳಿಯದೆ ದೂರುತ್ತದೆ.

ಸಿದ್ಧ ವಿನ್ಯಾಸದ ಆಯ್ಕೆ

ಬಣ್ಣ, ಅಕ್ಷರದ ಗಾತ್ರ, ಪಟ್ಟಿಗಳ ಜೋಡಣೆ ಇವನ್ನು ಮೊದಲೇ ರೂಪಿಸಿಟ್ಟ ಕಟ್ಟಿಗೆ ವಿನ್ಯಾಸ ಅಥವಾ ಥೀಮ್ ಎನ್ನುತ್ತಾರೆ. ಹ್ಯೂಗೋವಿಗೆ ನೂರಾರು ವಿನ್ಯಾಸಗಳು ಉಚಿತವಾಗಿ ದೊರೆಯುತ್ತವೆ. ಅವುಗಳ ಪಟ್ಟಿ ಹ್ಯೂಗೋವಿನ ಅಧಿಕೃತ ತಾಣದಲ್ಲಿಯೇ ಇದೆ. ಬೀಜ ಕೊಳ್ಳುವಾಗ ಚೀಲದ ಮೇಲಿನ ಚಿತ್ರ ನೋಡಿ ಮರುಳಾಗಬಾರದಲ್ಲವೆ? ಇಲ್ಲಿಯೂ ಹಾಗೆಯೇ. ಕೆಳಕಂಡ ಅಂಶಗಳನ್ನು ಪರಿಶೀಲಿಸಬೇಕು.

1. ಇತ್ತೀಚೆಗೆ ನವೀಕರಣಗೊಂಡಿದೆಯೆ? ವರ್ಷಗಳಿಂದ ಮುಟ್ಟದ ವಿನ್ಯಾಸ ಹೊಸ ಹ್ಯೂಗೋವಿನೊಡನೆ ಹೊಂದಿಕೊಳ್ಳದೆ ಹೋಗಬಹುದು.

2. ಮೊಬೈಲಿನ ಸಣ್ಣ ಪರದೆಯಲ್ಲಿ ಸರಿಯಾಗಿ ಕಾಣುತ್ತದೆಯೆ? ನಮ್ಮ ಗ್ರಾಹಕರಲ್ಲಿ ಬಹುಪಾಲು ಜನ ನೋಡುವುದು ಅಲ್ಲಿಯೇ.

3. ಬಳಕೆಯ ಪರವಾನಗಿ ಯಾವುದು? ಎಂಐಟಿ ಪರವಾನಗಿ ಇದ್ದರೆ ಹೆಸರಿನ ಸೂಚನೆಯನ್ನು ಉಳಿಸಿಕೊಂಡು ಮುಕ್ತವಾಗಿ ಬಳಸಬಹುದು.

4. ಮಾದರಿ ತಾಣ ಜೊತೆಗಿದೆಯೆ? ಎಕ್ಸಾಂಪಲ್ ಸೈಟ್ ಎಂಬ ಉಪಕೋಶವಿದ್ದರೆ ಅದರೊಳಗಿನ ವ್ಯವಸ್ಥೆಯ ಸಾಲುಗಳನ್ನು ನೋಡಿ ನಮ್ಮದನ್ನು ತಿದ್ದಿಕೊಳ್ಳಬಹುದು.

ಮೆಚ್ಚಿದ ವಿನ್ಯಾಸವನ್ನು ಜಿಪ್ ಕಡತವಾಗಿ ಇಳಿಸಿಕೊಂಡು, ಬಿಚ್ಚಿ, ಥೀಮ್ಸ್ ಕೋಶದೊಳಗೆ ಇಡಬೇಕು. ಇಲ್ಲಿ ಹೊಸಬರು ಎರಡು ಕಡೆ ಎಡವುತ್ತಾರೆ. ಬಿಚ್ಚಿದ ಕೋಶದ ಹೆಸರಿನ ಬಾಲಕ್ಕೆ ಮೇನ್ ಅಥವಾ ಮಾಸ್ಟರ್ ಎಂಬ ಪದ ಅಂಟಿಕೊಂಡಿರುತ್ತದೆ. ಅದನ್ನು ತೆಗೆದು ಶುದ್ಧ ಹೆಸರಿಡಬೇಕು. ಕೆಲವೊಮ್ಮೆ ಕೋಶದೊಳಗೆ ಅದೇ ಹೆಸರಿನ ಇನ್ನೊಂದು ಕೋಶ ಕುಳಿತಿರುತ್ತದೆ. ಆಗ ಒಳಗಿನದನ್ನೇ ಹೊರತೆಗೆದು ಇಡಬೇಕು.

ಬಳಿಕ ಹ್ಯೂಗೋ ಡಾಟ್ ಟಾಮ್ಲ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ವಿಳಾಸ, ಭಾಷೆ, ಶೀರ್ಷಿಕೆ ಈ ಮೂರು ಸಾಲುಗಳನ್ನು ತಿದ್ದಬೇಕು. ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆಯಬಹುದು. ಭಾಷೆಯ ಸಾಲಿನಲ್ಲಿ ಕನ್ನಡದ ಅಂತರರಾಷ್ಟ್ರೀಯ ಸಂಕೇತವಾದ ಕೆ, ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಕೊಡಬೇಕು. ಕೆಳಗೆ ಥೀಮ್ ಎಂಬ ಹೊಸ ಸಾಲು ಸೇರಿಸಿ ವಿನ್ಯಾಸದ ಕೋಶದ ಹೆಸರನ್ನು ಬರೆಯಬೇಕು. ಕೋಶದ ಹೆಸರಿಗೂ ಈ ಸಾಲಿಗೂ ಒಂದು ಅಕ್ಷರದ ವ್ಯತ್ಯಾಸವೂ ಇರಕೂಡದು.

ವಿನ್ಯಾಸದ ಒಳಗಿನ ಕಡತಗಳನ್ನು ನೇರವಾಗಿ ತಿದ್ದಬಾರದು. ಬದಲಾವಣೆ ಬೇಕಾದ ಕಡತವನ್ನು ನಮ್ಮ ತಾಣದ ಲೇಔಟ್ಸ್ ಕೋಶದಲ್ಲಿ ಅದೇ ಜಾಗಕ್ಕೆ ನಕಲು ಮಾಡಿ ಆ ನಕಲನ್ನು ತಿದ್ದಬೇಕು. ಹ್ಯೂಗೋ ನಮ್ಮ ನಕಲಿಗೆ ಮೊದಲ ಮನ್ನಣೆ ಕೊಡುತ್ತದೆ. ಮುಂದೆ ವಿನ್ಯಾಸದ ಹೊಸ ಆವೃತ್ತಿ ಹಾಕಿದಾಗ ನಮ್ಮ ತಿದ್ದುಪಡಿ ಅಳಿಸಿಹೋಗುವುದಿಲ್ಲ.

ಪುಟ ಬರೆಯುವುದು ಮತ್ತು ಚಿತ್ರ ಸೇರಿಸುವುದು

"ಹ್ಯೂಗೋ ನ್ಯೂ ಕಂಟೆಂಟ್" ಎಂಬ ಆಜ್ಞೆಯ ಮುಂದೆ ಕಡತದ ಹೆಸರು ಕೊಟ್ಟರೆ ಹೊಸ ಪುಟ ಸಿದ್ಧವಾಗುತ್ತದೆ. ಕಡತದ ಹೆಸರು ಡಾಟ್ ಎಂಡಿ ಎಂದು ಕೊನೆಗೊಳ್ಳಬೇಕು. ತೆರೆದು ನೋಡಿದರೆ ಮೇಲ್ಭಾಗದಲ್ಲಿ ಶೀರ್ಷಿಕೆ, ದಿನಾಂಕ, ಡ್ರಾಫ್ಟ್ ಎಂಬ ಮೂರು ಸಾಲುಗಳಿರುತ್ತವೆ. ಅವುಗಳ ಕೆಳಗೆ ನಮ್ಮ ಬರಹವನ್ನು ಬರೆಯಬೇಕು. ಸಾಲಿನ ಮೊದಲಿಗೆ ## ಗುರುತು ಹಾಕಿ ಜಾಗ ಬಿಟ್ಟು ಬರೆದದ್ದು ಉಪಶೀರ್ಷಿಕೆಯಾಗುತ್ತದೆ. ಸಾಲಿನ ಮೊದಲಿಗೆ - ಗುರುತು ಹಾಕಿದರೆ ಪಟ್ಟಿಯಾಗುತ್ತದೆ. ನಡುವೆ ಒಂದು ಸಾಲು ಖಾಲಿ ಬಿಟ್ಟರೆ ಹೊಸ ಪರಿಚ್ಛೇದ. ಸಾಮಾನ್ಯ ಬರಹಕ್ಕೆ ಇಷ್ಟು ತಿಳಿದರೆ ಸಾಕು.

ಡ್ರಾಫ್ಟ್ ಎಂದರೆ ಕರಡು. ಹೊಸ ಪುಟದಲ್ಲಿ ಆ ಸಾಲಿನ ಮುಂದೆ ಟ್ರೂ ಎಂದಿರುತ್ತದೆ. ಅದನ್ನು ಫಾಲ್ಸ್ ಎಂದು ಬದಲಾಯಿಸುವವರೆಗೆ ಆ ಪುಟ ಪ್ರಕಟವಾಗುವುದಿಲ್ಲ. ಇದನ್ನು ನಾನೇ ಮರೆತೆ. ಕಟಾವಿನ ಪುಟ ಸಿದ್ಧವಾಗಿದೆ ಎಂದು ಬೆಳೆಗಾರರಿಗೆ ಹೆಮ್ಮೆಯಿಂದ ತಿಳಿಸಿದೆ. ಅವರು ಅದನ್ನೇ ನಂಬಿ ಗ್ರಾಹಕರಿಗೆ ಹೇಳಿದರು. ಮೂರು ದಿನಗಳ ಮೇಲೆ ಒಬ್ಬರು ಹೊಲದಿಂದಲೇ ಫೋನ್ ಮಾಡಿ, "ಸರ್, ಆ ಪುಟ ಕಾಣಲಿಕ್ಕೇ ಒಲ್ದು" ಎಂದಾಗ ನನ್ನ ತಪ್ಪು ಅರಿವಾಯಿತು. ಮರಿ ಹಚ್ಚಿ ನೀರು ಬಿಡುವುದನ್ನು ಮರೆತಂತಾಗಿತ್ತು. ಮುಂದಿನ ದಿನಾಂಕ ಹಾಕಿದ ಪುಟವೂ ಆ ದಿನ ಬರುವವರೆಗೆ ಪ್ರಕಟವಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಚಿತ್ರಗಳ ವಿಷಯದಲ್ಲಿ ಮಿತವ್ಯಯ ಅವಶ್ಯ. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ ನಾಲ್ಕು ಮೆಗಾಬೈಟಿನಷ್ಟು ಭಾರವಿರುತ್ತದೆ. ಅಂತಹ ಹತ್ತು ಚಿತ್ರ ಹಾಕಿದರೆ ಓದುಗನು 40 ಮೆಗಾಬೈಟ್ ಇಳಿಸಿಕೊಳ್ಳಬೇಕು. ಅಗಲವನ್ನು ಸುಮಾರು 1200 ಬಿಂದುಗಳಿಗೆ ಇಳಿಸಿ, ಒಂದೊಂದು ಚಿತ್ರ 200 ಕಿಲೋಬೈಟ್ ಮೀರದಂತೆ ಮಾಡಿದರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅದೇ ಹತ್ತು ಚಿತ್ರಗಳು ಎರಡು ಮೆಗಾಬೈಟಿನಲ್ಲಿ ಮುಗಿಯುತ್ತವೆ. ಮೊಬೈಲಿನ ಚಿತ್ರದೊಳಗೆ ತೆಗೆದ ಸ್ಥಳದ ಅಕ್ಷಾಂಶ, ರೇಖಾಂಶಗಳೂ ಅಡಗಿರಬಹುದು. ಮನೆಯ ಸ್ಥಳ ಎಲ್ಲರಿಗೂ ತಿಳಿಯುವುದು ಬೇಡವಾದರೆ ಅದನ್ನು ತೆಗೆದುಹಾಕಬೇಕು. ಚಿತ್ರಗಳು ನಮ್ಮ ಹೊಲದವೇ ಆಗಿರಲಿ. ಬೇರೆ ತಾಣದಿಂದ ಎತ್ತಿದ ಕೆಂಬಾಳೆಯ ಚಿತ್ರ ಹಾಕಿ, ನಮ್ಮ ಹೆಸರನ್ನು ಬೇರೆಯವರು ಬಳಸುತ್ತಾರೆಂದು ದೂರುವುದು ಸರಿಯಲ್ಲ.

ಮನೆಯಲ್ಲಿ ಪರೀಕ್ಷೆ

"ಹ್ಯೂಗೋ ಸರ್ವರ್" ಎಂದು ಕೊಟ್ಟರೆ ತಾಣವು ನಮ್ಮ ಯಂತ್ರದಲ್ಲಿ ಮಾತ್ರ ತೆರೆಯುತ್ತದೆ. ಕಿಟಕಿಯಲ್ಲಿ ತೋರುವ, 1313 ಸಂಖ್ಯೆಯಿರುವ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ ನೋಡಬಹುದು. ಕಡತವನ್ನು ತಿದ್ದಿ ಉಳಿಸಿದೊಡನೆ ಪುಟವೂ ಬದಲಾಗುತ್ತದೆ. ಈ ಹಂತದಲ್ಲಿ ಹೊರಗಿನವರಿಗೆ ಏನೂ ಕಾಣುವುದಿಲ್ಲವಾದ್ದರಿಂದ ಹೆದರದೆ ಪ್ರಯೋಗ ಮಾಡಬಹುದು. ಪ್ರತಿ ದೂರವಾಣಿ ಸಂಖ್ಯೆಯನ್ನೂ ಬರೆದವರಲ್ಲದೆ ಬೇರೊಬ್ಬರು ಓದಿ, ಡಯಲ್ ಮಾಡಿ ನೋಡಬೇಕು.

ತೃಪ್ತಿಯಾದ ಮೇಲೆ ಬರೇ "ಹ್ಯೂಗೋ" ಎಂದು ಕೊಡಬೇಕು. ಆಗ ಪಬ್ಲಿಕ್ ಎಂಬ ಕೋಶ ಸಿದ್ಧವಾಗುತ್ತದೆ. ಪ್ರಕಟಿಸಬೇಕಾದದ್ದು ಇದೊಂದೇ. ಹ್ಯೂಗೋ ತಾನಾಗಿ ಈ ಕೋಶದ ಹಳೆಯ ಕಡತಗಳನ್ನು ಅಳಿಸುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಹಳೆಯ ಪಬ್ಲಿಕ್ ಕೋಶವನ್ನು ತೆಗೆದುಹಾಕಿ ಹೊಸದಾಗಿ ಕಟ್ಟುವುದು ಲೇಸು. ಇಲ್ಲವಾದರೆ ನಾವು ಕೈಬಿಟ್ಟ ಪುಟ ಹಾಗೆಯೇ ಉಳಿದಿರುತ್ತದೆ.

ಪ್ರಕಟಣೆ

ಸ್ಥಿರ ತಾಣಗಳಿಗೆ ಉಚಿತವಾಗಿ ಸ್ಥಳ ಕೊಡುವ ಸಂಸ್ಥೆಗಳು ಹಲವಿವೆ. ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈ ಇವು ಹೆಚ್ಚು ಬಳಕೆಯಲ್ಲಿವೆ. ಕೊನೆಯ ಎರಡರಲ್ಲಿ ಖಾತೆ ತೆರೆದು ಪಬ್ಲಿಕ್ ಕೋಶವನ್ನು ಇಲಿಯಿಂದ ಎಳೆದು ಪುಟದ ಮೇಲೆ ಬಿಟ್ಟರೂ ಪ್ರಕಟವಾಗುತ್ತದೆ. ಹೊಸಬರಿಗೆ ಇದು ಸುಲಭ ಮಾರ್ಗ.

ಗಿಟ್‌ಹಬ್ಬಿನಲ್ಲಿ ಮೊದಲು ಒಂದು ಕೋಠಿ, ಅಂದರೆ ರೆಪಾಸಿಟರಿ, ತೆರೆಯಬೇಕು. ಅದರ ಹೆಸರು ನಮ್ಮ ಖಾತೆಯ ಹೆಸರಿನ ಮುಂದೆ ಗಿಟ್‌ಹಬ್ ಡಾಟ್ ಐಒ ಎಂದಿದ್ದರೆ ತಾಣವು ನೇರವಾಗಿ ಆ ವಿಳಾಸದಲ್ಲಿ ತೆರೆಯುತ್ತದೆ. ಪಬ್ಲಿಕ್ ಕೋಶದ ಒಳಗಿನ ಕಡತಗಳನ್ನು, ಕೋಶವನ್ನಲ್ಲ, ಮೇಲೇರಿಸಬೇಕು. ಆಮೇಲೆ ಸೆಟ್ಟಿಂಗ್ಸ್ ಭಾಗದಲ್ಲಿ ಪೇಜಸ್ ಆರಿಸಿ, ಮೇನ್ ಶಾಖೆಯನ್ನು ಸೂಚಿಸಬೇಕು. ಇಲ್ಲಿ ಪ್ರಕಟಿತ ತಾಣದ ಗಾತ್ರ ಒಂದು ಗಿಗಾಬೈಟ್ ಮೀರಬಾರದು. ಐದು ಪುಟಗಳ ತಾಣಕ್ಕೆ ಅದು ಧಾರಾಳ. ಉಚಿತ ಖಾತೆಯಲ್ಲಿ ಕೋಠಿಯು ಎಲ್ಲರಿಗೂ ಕಾಣುವಂತಿರಬೇಕಾದ್ದರಿಂದ ಗುಟ್ಟಿನ ಯಾವ ಕಡತವನ್ನೂ ಅಲ್ಲಿ ಇಡಬಾರದು. ವ್ಯಾಪಾರದ ಅಂಗಡಿ ನಡೆಸಲು ಗಿಟ್‌ಹಬ್ ಪೇಜಸ್ ಬಳಸುವಂತಿಲ್ಲವೆಂಬ ನಿಯಮವೂ ಇದೆ. ಯಾವ ಸಂಸ್ಥೆಯನ್ನು ಆರಿಸಿಕೊಂಡರೂ ಖಾತೆ ತೆರೆಯುವ ದಿನ ಅದರ ನಿಯಮಗಳನ್ನು ಒಮ್ಮೆ ಓದಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಟಾಮ್ಲ್ ಕಡತದ ವಿಳಾಸದ ಸಾಲು ನಿಜವಾದ ವಿಳಾಸವೇ ಆಗಿರಬೇಕು. ಆರಂಭದಲ್ಲಿ ಅಲ್ಲಿ ಎಕ್ಸಾಂಪಲ್ ಡಾಟ್ ಆರ್ಗ್ ಎಂಬ ಉದಾಹರಣೆಯ ವಿಳಾಸವಿರುತ್ತದೆ. ಹಾಗೆಯೇ ಬಿಟ್ಟರೆ ಬಣ್ಣವಿಲ್ಲದ ಬೋಳು ಪುಟ ಕಾಣುತ್ತದೆ, ಅಥವಾ ಕೊಂಡಿ ಒತ್ತಿದರೆ ಬೇರೆಲ್ಲಿಗೋ ಹೋಗುತ್ತದೆ.

ಸ್ವಂತ ಹೆಸರು

ಉಚಿತ ಸ್ಥಳದೊಡನೆ ಬರುವ ವಿಳಾಸದಿಂದಲೇ ಕೆಲಸ ನಡೆಯುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುವುದಾದರೆ ಸ್ವಂತ ವಿಳಾಸ ಒಳ್ಳೆಯದು. ಮುಂದೆ ಸ್ಥಳ ಬದಲಾಯಿಸಿದರೂ ವಿಳಾಸ ಬದಲಾಗುವುದಿಲ್ಲ. ಡಾಟ್ ಇನ್ ಎಂದು ಕೊನೆಗೊಳ್ಳುವ ಹೆಸರುಗಳ ದಫ್ತರವನ್ನು ನಿಕ್ಸಿ ಸಂಸ್ಥೆ ನಿರ್ವಹಿಸುತ್ತದೆ. ಮಾನ್ಯತೆ ಪಡೆದ ನೋಂದಣಿದಾರರ ಮೂಲಕ ಹೆಸರನ್ನು ಪಡೆಯಬೇಕು. ಕನ್ನಡ ಲಿಪಿಯ ಡಾಟ್ ಭಾರತ ವಿಳಾಸವೂ ಇದೆ. ಮೊದಲ ವರ್ಷ ಕಡಿಮೆ ದರ ತೋರಿಸಿ ನವೀಕರಣಕ್ಕೆ ಹೆಚ್ಚು ಕೇಳುವುದುಂಟು. ಆದ್ದರಿಂದ ನವೀಕರಣದ ದರವನ್ನೇ ಮೊದಲು ವಿಚಾರಿಸಬೇಕು.

ನೋಂದಣಿ ಗುಂಪಿನ ಹೆಸರಿನಲ್ಲಿ, ಗುಂಪಿನ ಇ-ಮೇಲಿನಲ್ಲಿ ಇರಬೇಕು. ರಸೀದಿ ಗುಂಪಿನ ಕಡತದಲ್ಲಿರಬೇಕು. ಅವಧಿ ಮುಗಿಯುವ ದಿನಾಂಕವನ್ನು ವಾರ್ಷಿಕ ಸಭೆಯ ನಡಾವಳಿಯಲ್ಲಿ ಬರೆಯಬೇಕು. ಹಣದ ಅನುಕೂಲವಿದ್ದರೆ ಒಮ್ಮೆಗೇ ಹಲವು ವರ್ಷಗಳಿಗೆ ಕಟ್ಟಬಹುದು. ಡಾಟ್ ಇನ್ ಹೆಸರಿಗೆ ಹತ್ತು ವರ್ಷಗಳವರೆಗೆ ಅವಕಾಶವಿದೆ. ಕಮಲಾಪುರದ ಗುಂಪು ಹಳೆಯ ವಿಳಾಸವನ್ನು ಕಳೆದುಕೊಂಡದ್ದು ತಂತ್ರಾಂಶದ ದೋಷದಿಂದಲ್ಲ, ಈ ಒಂದು ದಾಖಲೆಯ ದೋಷದಿಂದ.

ದೋಷಗಳು ಮತ್ತು ಪರಿಹಾರ

ಲಕ್ಷಣ: ಪುಟ ಕಾಣುವುದಿಲ್ಲ. ಕಾರಣ: ಡ್ರಾಫ್ಟ್ ಸಾಲು ಟ್ರೂ ಆಗಿದೆ ಅಥವಾ ದಿನಾಂಕ ಮುಂದಿನದಾಗಿದೆ. ಪರಿಹಾರ: ಸಾಲನ್ನು ತಿದ್ದಿ ಮತ್ತೆ ಕಟ್ಟಿ ಮೇಲೇರಿಸಿ.

ಲಕ್ಷಣ: ಬಣ್ಣ, ಜೋಡಣೆ ಇಲ್ಲದ ಬೋಳು ಪುಟ. ಕಾರಣ: ವಿಳಾಸದ ಸಾಲು ತಪ್ಪಾಗಿದೆ. ಪರಿಹಾರ: ಬ್ರೌಸರಿನಲ್ಲಿ ಕಾಣುವ ಪೂರ್ಣ ವಿಳಾಸವನ್ನೇ ಟಾಮ್ಲ್ ಕಡತದಲ್ಲಿ ಕೊಡಿ.

ಲಕ್ಷಣ: ವಿನ್ಯಾಸ ಸಿಗುತ್ತಿಲ್ಲವೆಂದು ಯಂತ್ರ ಹೇಳುತ್ತದೆ. ಕಾರಣ: ಕೋಶದ ಹೆಸರು ಮತ್ತು ಥೀಮ್ ಸಾಲು ಹೊಂದಿಲ್ಲ. ಪರಿಹಾರ: ಎರಡನ್ನೂ ಒಂದೇ ಮಾಡಿ.

ಲಕ್ಷಣ: ನಮ್ಮ ಯಂತ್ರದಲ್ಲಿ ಚಿತ್ರ ಕಾಣುತ್ತದೆ, ಪ್ರಕಟಿಸಿದ ಮೇಲೆ ಕಾಣುವುದಿಲ್ಲ. ಕಾರಣ: ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸ. ವಿಂಡೋಸ್ ಇದನ್ನು ಕ್ಷಮಿಸುತ್ತದೆ, ದೂರದ ಯಂತ್ರ ಕ್ಷಮಿಸುವುದಿಲ್ಲ. ಪರಿಹಾರ: ಎಲ್ಲವನ್ನೂ ಸಣ್ಣಕ್ಷರಗಳಲ್ಲಿಡಿ.

ಲಕ್ಷಣ: ತಿದ್ದಿದರೂ ಹಳೆಯ ಪುಟವೇ ಬರುತ್ತದೆ. ಕಾರಣ: ಬ್ರೌಸರು ಹಳೆಯ ಪ್ರತಿಯನ್ನು ನೆನಪಿಟ್ಟುಕೊಂಡಿದೆ. ಪರಿಹಾರ: ಕೆಲವು ನಿಮಿಷ ಬಿಟ್ಟು ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿ, ಅಥವಾ ಬೇರೆ ಮೊಬೈಲಿನಲ್ಲಿ ನೋಡಿ.

ನಂತರದ ಆರೈಕೆ

ಹುಡುಕಾಟದಲ್ಲಿ ಹೊಸ ತಾಣ ಮರುದಿನವೇ ಕಾಣುವುದಿಲ್ಲ. ದಿನಗಳೋ ವಾರಗಳೋ ಹಿಡಿಯಬಹುದು. ಹ್ಯೂಗೋ ತಾನಾಗಿಯೇ ಸೈಟ್‌ಮ್ಯಾಪ್ ಎಂಬ ಪುಟಗಳ ಪಟ್ಟಿಯನ್ನು ತಯಾರಿಸಿರುತ್ತದೆ. ಅದನ್ನು ಗೂಗಲ್ಲಿನ ಸರ್ಚ್ ಕನ್ಸೋಲಿಗೆ ಸಲ್ಲಿಸಿದರೆ ಸಹಾಯವಾಗುತ್ತದೆ. ತಿಂಗಳಿಗೊಮ್ಮೆ ಕಟಾವಿನ ಪುಟವನ್ನು ತಿದ್ದಬೇಕು. ಕಳೆದ ವರ್ಷದ ಕಟಾವು ತೋರಿಸುವ ತಾಣವನ್ನು ನೋಡಿದ ವ್ಯಾಪಾರಿಯು, ಗುಂಪು ಮುಚ್ಚಿಹೋಗಿದೆ ಎಂದೇ ತಿಳಿಯುತ್ತಾನೆ. ಪೂರ್ತಿ ಕೆಂಬಾಳೆ ಕೋಶದ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಗುಂಪಿನ ಕಚೇರಿಯಲ್ಲಿ, ಇನ್ನೊಂದನ್ನು ಬೇರೊಬ್ಬರ ಮನೆಯಲ್ಲಿ ಇಡಬೇಕು. ಕೆಲಸವನ್ನು ಕನಿಷ್ಠ ಇಬ್ಬರು ಕಲಿತಿರಬೇಕು.

ಈ ಕ್ರಮ ಕೆಂಬಾಳೆಗೆ ಮಾತ್ರ ಸೀಮಿತವಲ್ಲ. ಕಲಬುರಗಿಯ ತೊಗರಿ ಬೇಳೆಗೂ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಜಿಲ್ಲೆಯ ತೊಗರಿ ಬೆಳೆಗಾರರ ಗುಂಪುಗಳೂ ತಮ್ಮ ಬೇಳೆಯ ವಿವರವನ್ನು ಇದೇ ಬಗೆಯಲ್ಲಿ ಪ್ರಕಟಿಸಬಹುದು. ವಿಸ್ತರಣಾ ಕಾರ್ಯಕರ್ತರು ಒಂದೊಂದು ಗುಂಪಿನಿಂದ ಇಬ್ಬರು ಯುವಕ ಯುವತಿಯರನ್ನು ಕೂಡಿಸಿ ಎರಡು ದಿನ ಅಭ್ಯಾಸ ಮಾಡಿಸಿದರೆ ಸಾಕಾಗುತ್ತದೆ. ಆದರೆ ತಾವೇ ಮಾಡಿಕೊಟ್ಟು ಹೋಗಬಾರದು. ವರ್ಗಾವಣೆಯಾದ ಮರುವರ್ಷ ತಾಣ ಅನಾಥವಾಗುತ್ತದೆ.

ಕಮಲಾಪುರದ ಗುಂಪು ಈಗ ಹೊಸ ವಿಳಾಸವನ್ನು ತನ್ನ ಹೆಸರಿನಲ್ಲಿಯೇ ಪಡೆದಿದೆ. ಉಳಿದ ಪೆಟ್ಟಿಗೆಗಳನ್ನು ಎಸೆಯಲಿಲ್ಲ. ಹೊಸ ವಿಳಾಸ ಅಚ್ಚು ಹಾಕಿಸಿದ ಚೀಟಿಗಳನ್ನು ಹಳೆಯದರ ಮೇಲೆ ಅಂಟಿಸಲು ಮನೆಮಂದಿಯೆಲ್ಲ ಒಂದು ಮಧ್ಯಾಹ್ನ ಕುಳಿತರು. ನಾನು ಹೋದಾಗ ಆ ಹಿರಿಯರು ಒಂದು ಪೆಟ್ಟಿಗೆಯನ್ನು ತೋರಿಸಿ, "ಈಗ ಯಾರರ ತೆಗೆದು ನೋಡ್ಲಿರಿ ಸರ್, ನಮ್ಮ ಹೊಲಾನೇ ಕಾಣ್ತದ" ಎಂದರು. ಆಸಕ್ತ ಗುಂಪುಗಳು ಕಾಗದದ ಮೇಲೆ ಐದು ಪುಟಗಳ ಪಟ್ಟಿ ಮಾಡಿಕೊಂಡು, ಗುಂಪಿನ ಇ-ಮೇಲ್ ಖಾತೆ ತೆರೆದು, ಈ ಹಂಗಾಮಿನ ಬಿಡುವಿನಲ್ಲಿ ಕೆಲಸ ಆರಂಭಿಸಬಹುದು.